ಬಿಡಿಭಾಗಕ್ಕೂ ಒಂದು ಜಾತಕ ಬೇಕು

ನಮ್ಮ ಮನೆಯಿಂದ ಎರಡು ಮನೆಗಳಾಚೆ ವಾಸವಾಗಿದ್ದ ತರುಣ ಎಂಜಿನಿಯರ್ ಒಬ್ಬರು ಕಳೆದ ವರ್ಷ ಉದ್ಯೋಗ ನಿಮಿತ್ತ ಜರ್ಮನಿಗೆ ಹೊರಟು ನಿಂತರು. ಅವರ ಬಳಿ ಒಂದು ಫೋಕ್ಸ್‌ವ್ಯಾಗನ್ ಪೋಲೊ ಕಾರಿತ್ತು. ವೇಗದ ಕಾರುಗಳ ಬಗ್ಗೆ ಅಪಾರ ಮೋಹವಿದ್ದ ಅವರು ಆರೇಳು ವರ್ಷಗಳ ಅವಧಿಯಲ್ಲಿ ಅದಕ್ಕೆ ದೊಡ್ಡ ಟರ್ಬೊ, ಬೇರೆ ಎಕ್ಸಾಸ್ಟ್, ಗಟ್ಟಿ ಸಸ್ಪೆನ್ಷನ್, ಹದಿನೇಳು ಇಂಚಿನ ಅಲಾಯ್ ಚಕ್ರಗಳು ಎಂದು ಒಂದೊಂದಾಗಿ ಜೋಡಿಸುತ್ತಾ ಬಂದಿದ್ದರು. ಕಾರನ್ನು ಹಾಗೆಯೇ ಮಾರಲು ಹೋದಾಗ ವ್ಯಾಪಾರಿಗಳು ಈ ಸೇರ್ಪಡೆಗಳಿಗೆ ಬಿಡಿಗಾಸೂ ಕೊಡಲೊಪ್ಪಲಿಲ್ಲ. ಬದಲಾಗಿ ಬೆಲೆಯನ್ನೇ ಇಳಿಸಿದರು. ಕೊನೆಗೆ ಅವರು ಮೂಲ ಬಿಡಿಭಾಗಗಳನ್ನು ಮತ್ತೆ ಅಳವಡಿಸಿ ಕಾರನ್ನು ಒಬ್ಬರಿಗೆ ಮಾರಿದರು, ಬಿಚ್ಚಿದ ಭಾಗಗಳ ಚಿತ್ರ ತೆಗೆದು ಅಂತರ್ಜಾಲದಲ್ಲಿ ಒಂದೊಂದಾಗಿ ಮಾರಾಟಕ್ಕಿಟ್ಟರು.

ಆಗೊಮ್ಮೆ ನನ್ನ ಬಳಿ ಬಂದು, 'ಅಂಕಲ್, ನೀವು ಸರಕಾರದಲ್ಲಿ ಇದ್ದವರು. ಇದಕ್ಕೆ ತೆರಿಗೆ ಕಟ್ಟಬೇಕೇ? ನಾಳೆ ಈ ಭಾಗದಿಂದ ಯಾರಿಗಾದರೂ ಅಪಘಾತವಾದರೆ ನಾನು ಹೊಣೆಯೇ?' ಎಂದು ಕೇಳಿದರು. ಮೊದಲ ಪ್ರಶ್ನೆಗೆ ಉತ್ತರ ಸುಲಭವಿತ್ತು. ತನ್ನ ಸ್ವಂತ ಬಳಕೆಯ ವಸ್ತುವನ್ನು ವ್ಯಾಪಾರದ ಉದ್ದೇಶವಿಲ್ಲದೆ ಅಪರೂಪಕ್ಕೊಮ್ಮೆ ಮಾರಿದವನು ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ. ಎರಡನೆಯ ಪ್ರಶ್ನೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಡತಗಳ ನಡುವೆ ಕಳೆದ ನಾನು ಥಟ್ಟನೆ ಉತ್ತರ ಹೇಳಲಾರದೆ ಹೋದೆ. ಆ ತೊಡಕೇ ಈ ಲೇಖನಕ್ಕೆ ಕಾರಣ.

ಇದು ಕೆಲವು ಶ್ರೀಮಂತ ಯುವಕರ ಹವ್ಯಾಸದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಜನರಲ್ ಮೋಟಾರ್ಸ್ 2017ರ ಅಂತ್ಯಕ್ಕೆ ಭಾರತದಲ್ಲಿ ಷೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ಕಾರು ತಯಾರಿಕೆಯನ್ನು ಕೊನೆಗೊಳಿಸುವುದಾಗಿ ಪ್ರಕಟಿಸಿತು. ಪೋಲೊ ಕಾರಿನ ತಯಾರಿಕೆಯೂ ಇಲ್ಲಿ 2022ರಲ್ಲಿ ನಿಂತಿತು. ಕಂಪನಿಗಳು ಹೋದರೂ ಕಾರುಗಳು ರಸ್ತೆಯ ಮೇಲೆ ಉಳಿದಿವೆ. ಫಿಯೆಟ್ ಕಂಪನಿಯ ಹಳೆಯ ಟರ್ಬೊ ಕಾರು ಇಟ್ಟುಕೊಂಡವರಿಗೆ, ಫೋರ್ಡ್ ಕಂಪನಿಯ ವೇಗದ ಮಾದರಿಗಳ ಮಾಲೀಕರಿಗೆ ಎಷ್ಟೋ ಭಾಗಗಳ ವಿಷಯದಲ್ಲಿ ಬಳಸಿದ ಮಾಲೇ ಗತಿ. ಜತೆಗೆ ಚಿಕ್ಕಮಗಳೂರಿನ ಕಾಫಿ ತೋಟಗಳ ರ್‍ಯಾಲಿಗಳಿಂದ ಹಿಡಿದು ಚೆನ್ನೈ, ಕೊಯಮತ್ತೂರಿನ ರೇಸ್ ಪಥಗಳವರೆಗೆ ಮೋಟಾರು ಕ್ರೀಡೆಯಲ್ಲಿ ತೊಡಗಿರುವ ಮಧ್ಯಮ ವರ್ಗದ ಹುಡುಗರು ಹೊಸ ಭಾಗಗಳ ಆಮದು ವೆಚ್ಚ ಭರಿಸಲಾರದೆ ಒಬ್ಬರು ಬಿಚ್ಚಿದ್ದನ್ನು ಇನ್ನೊಬ್ಬರು ಕೊಳ್ಳುತ್ತಾರೆ.

ಅರ್ಥಶಾಸ್ತ್ರದ ದೃಷ್ಟಿಯಿಂದ ಅಂತರ್ಜಾಲವು ಇಲ್ಲಿ ಮಾಡಿರುವ ಉಪಕಾರ ದೊಡ್ಡದು. ಇಂಥ ಭಾಗಗಳ ಮಾರುಕಟ್ಟೆ ಬಲು ತೆಳುವಾದದ್ದು. ಒಂದು ನಿರ್ದಿಷ್ಟ ಮಾದರಿಯ ಟರ್ಬೊ ಬೇಕಾದವರು ಇಡೀ ಬೆಂಗಳೂರಿನಲ್ಲಿ ನಾಲ್ಕು ಮಂದಿ ಇರಬಹುದು. ಅವರಲ್ಲಿ ಮೂವರಿಗೆ ಇಂದು ಬೇಡವಾಗಿರಬಹುದು. ಆದರೆ ಇಡೀ ದೇಶವೇ ಒಂದು ಸಂತೆಯಾದಾಗ ಗುವಾಹಟಿಯಲ್ಲೋ ಕೊಚ್ಚಿಯಲ್ಲೋ ಒಬ್ಬ ಗಿರಾಕಿ ಸಿಗುತ್ತಾನೆ. ಇಡಿಯಾಗಿ ಮಾರಿದರೆ ಬೆಲೆಯಿಲ್ಲದ ವಸ್ತು ಬಿಡಿಯಾಗಿ ಮಾರಿದಾಗ ಬೆಲೆ ಪಡೆಯುತ್ತದೆ. ಗುಜರಿಗೆ ಹೋಗಿ ಕರಗಬೇಕಾದ ಲೋಹ ಮರುಬಳಕೆಯಾಗುತ್ತದೆ. ಹೊಸದನ್ನು ತಯಾರಿಸಲು ಬೇಕಾದ ಕಬ್ಬಿಣ, ಅಲ್ಯೂಮಿನಿಯಂ, ವಿದ್ಯುತ್ತು ಉಳಿಯುತ್ತವೆ. ಇಷ್ಟೆಲ್ಲ ಒಳಿತಿರುವಾಗ ತೊಡಕೆಲ್ಲಿದೆ?

ತೊಡಕು ನನಗೆ ಕಂಡದ್ದು ಆ ನಾಲ್ಕು ಚಕ್ರಗಳ ವಿಷಯದಲ್ಲಿ. ಅವುಗಳಲ್ಲೊಂದು ಹಿಂದೊಮ್ಮೆ ಗುಂಡಿಗೆ ಬಿದ್ದು ಒಳ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಬೆಸುಗೆ ಹಾಕಿಸಿ ಬಣ್ಣ ಬಳಿಸಲಾಗಿತ್ತು. ಚಿತ್ರದಲ್ಲಿ ಅದು ಕಾಣುತ್ತಿರಲಿಲ್ಲ. ನಮ್ಮ ತರುಣ ಮಿತ್ರರು ಅದನ್ನು ಜಾಹೀರಾತಿನಲ್ಲಿ ಸ್ಪಷ್ಟವಾಗಿ ಬರೆದರು. ಎರಡು ವಾರ ಕಳೆದರೂ ಗಂಭೀರವಾಗಿ ವಿಚಾರಿಸಿದವರು ಯಾರೂ ಇಲ್ಲ. ಅದೇ ತಯಾರಕರ, ಅದೇ ಅಳತೆಯ ಇನ್ನೊಂದು ಜೋಡಿ 'ಹೊಸದರಂತಿದೆ' ಎಂಬ ಒಂದೇ ಮಾತಿನ ವಿವರಣೆಯೊಂದಿಗೆ ಹೆಚ್ಚಿನ ಬೆಲೆಗೆ ಎರಡೇ ದಿನಗಳಲ್ಲಿ ಮಾರಾಟವಾಯಿತು. ಅದರಲ್ಲಿ ಬಿರುಕಿತ್ತೋ ಇಲ್ಲವೋ ಯಾರಿಗೆ ಗೊತ್ತು? ಕೊನೆಗೆ ದಲ್ಲಾಳಿಯೊಬ್ಬ ದೂರವಾಣಿ ಮಾಡಿ, 'ಬಿರುಕಿನ ಮಾತು ತೆಗೆದುಬಿಡಿ ಸಾರ್, ನಾನೇ ಮಾರಿಕೊಡುತ್ತೇನೆ' ಎಂದನಂತೆ. ಕಂಡದ್ದನ್ನು ಕಂಡಂತೆ ಆಡಿದರೆ ಕೆಂಡದಂಥ ಕೋಪ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕೋಪವೂ ಬರಲಿಲ್ಲ; ಗಿರಾಕಿಯೇ ಬರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಕಥೆ. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಬಳಸಿದ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿತ್ತು. ಮೂರು ವಿದ್ವತ್ಪತ್ರಿಕೆಗಳು ತಿರಸ್ಕರಿಸಿದ ಬಳಿಕ ಬೆಳಕು ಕಂಡ ಆ ಬರಹಕ್ಕಾಗಿ 2001ರಲ್ಲಿ ಅವರು ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ವಾದದ ತಿರುಳು ಸರಳವಾದದ್ದು. ಮಾರುವವನಿಗೆ ವಸ್ತುವಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದು ಸರಾಸರಿ ಬೆಲೆಯನ್ನಷ್ಟೇ ಕೊಡಲು ಮುಂದಾಗುತ್ತಾನೆ. ಆ ಬೆಲೆ ಒಳ್ಳೆಯ ಮಾಲಿನವನಿಗೆ ನಷ್ಟ, ಕೆಟ್ಟ ಮಾಲಿನವನಿಗೆ ಲಾಭ. ಒಳ್ಳೆಯ ಮಾಲಿನವನು ಹಿಂದೆ ಸರಿಯುತ್ತಾನೆ. ಸರಾಸರಿ ಇನ್ನಷ್ಟು ಕುಸಿಯುತ್ತದೆ. ಹುಳುಕನ್ನು ತಾನಾಗಿ ಹೇಳಿಕೊಂಡವನ ಪಾಡು ಇನ್ನೂ ಕಷ್ಟ: ಅವನ ಮಾತಿನಿಂದ ಅವನ ಬೆಲೆ ಮಾತ್ರ ಇಳಿಯುತ್ತದೆ, ಪಕ್ಕದವನ ಮೌನಕ್ಕೆ ದಂಡವಿಲ್ಲ.

ಅಂತರ್ಜಾಲಕ್ಕೆ ಮುಂಚಿನ ಗುಜರಿ ಮಾರುಕಟ್ಟೆ ಈ ಸಮಸ್ಯೆಯನ್ನು ತನ್ನದೇ ರೀತಿಯಲ್ಲಿ ನಿಭಾಯಿಸುತ್ತಿತ್ತು. ಬೆಂಗಳೂರಿನ ಶಿವಾಜಿನಗರ ಮತ್ತು ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ ಇಂಥ ಬೀದಿಗಳಿಗೆ ಗಿರಾಕಿ ಒಬ್ಬನೇ ಹೋಗುತ್ತಿರಲಿಲ್ಲ; ಜತೆಗೆ ತನ್ನ ಮೆಕ್ಯಾನಿಕ್‌ನನ್ನು ಕರೆದೊಯ್ಯುತ್ತಿದ್ದ. ಆತ ಟರ್ಬೊದ ಕಡ್ಡಿಯನ್ನು ಬೆರಳಿನಿಂದ ಅಲುಗಿಸಿ ಸಡಿಲವಿದೆಯೇ ಎಂದು ನೋಡುತ್ತಿದ್ದ, ಬ್ರೇಕ್ ಡಿಸ್ಕಿನ ಮೇಲೆ ಉಗುರು ಎಳೆದು ಸವೆತ ಅಳೆಯುತ್ತಿದ್ದ. ಅಂಗಡಿಯವನು ನಾಳೆಯೂ ಅಲ್ಲೇ ಇರುವವನು; ಮೆಕ್ಯಾನಿಕ್ ಅವನಿಗೆ ತಿಂಗಳಿಗೆ ಹತ್ತು ಗಿರಾಕಿಗಳನ್ನು ತರುವವನು. ಆ ಸಂಬಂಧವೇ ಖಾತರಿ ಪತ್ರವಾಗಿತ್ತು. ಅಂತರ್ಜಾಲವು ವಸ್ತುವನ್ನು ಬೀದಿಯಿಂದ ಹೊರತಂದಿತು, ಬೆಲೆಯನ್ನೂ ತಂದಿತು. ಆದರೆ ಆ ಬೆರಳನ್ನೂ ಆ ಉಗುರನ್ನೂ ತರಲಿಲ್ಲ.

ಹಾಗೆಂದು ಹಳೆಯ ಗುಜರಿಯನ್ನು ಸತ್ಯಯುಗವೆಂದು ಬಣ್ಣಿಸುವುದೂ ತಪ್ಪಾದೀತು. ಉತ್ತರ ಪ್ರದೇಶದ ಮೀರತ್ ನಗರದ ಸೋತಿಗಂಜ್ ಮಾರುಕಟ್ಟೆ ಕದ್ದ ವಾಹನಗಳನ್ನು ಬಿಚ್ಚಿ ಮಾರುವುದಕ್ಕೆ ದೇಶದಲ್ಲೇ ಕುಖ್ಯಾತವಾಗಿ, 2021ರಲ್ಲಿ ಪೊಲೀಸರು ಅದರ ಬಾಗಿಲು ಮುಚ್ಚಿಸಬೇಕಾಯಿತು. ಮಾಯಾಪುರಿಯಲ್ಲಿ 2010ರಲ್ಲಿ ನಡೆದ ದುರಂತವಂತೂ ಕಾರುಗಳಿಗೆ ಸಂಬಂಧಿಸಿದ್ದಲ್ಲದಿದ್ದರೂ ಇಲ್ಲಿ ಪ್ರಸ್ತುತ. ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಪ್ರಯೋಗಾಲಯ ಯಂತ್ರವೊಂದರಲ್ಲಿ ವಿಕಿರಣಶೀಲ ಕೋಬಾಲ್ಟ್ ಇತ್ತು. ಅದನ್ನರಿಯದೆ ಬಿಚ್ಚಿದ ಗುಜರಿ ಕಾರ್ಮಿಕರು ವಿಕಿರಣಕ್ಕೆ ತುತ್ತಾದರು. ಒಬ್ಬರು ಪ್ರಾಣ ಕಳೆದುಕೊಂಡರು. ಅಲ್ಲಿ ಕಳ್ಳತನವಿರಲಿಲ್ಲ, ಹರಾಜು ನಡೆದಿತ್ತು. ವಸ್ತುವು ಕೈ ಬದಲಾಯಿಸಿತು, ಅದರ ಚರಿತ್ರೆ ಮಾತ್ರ ಹಿಂದೆ ಉಳಿಯಿತು. ಬಳಸಿದ ಬಿಡಿಭಾಗಗಳ ವ್ಯಾಪಾರದ ಮೂಲ ದೋಷವೂ ಇದೇ.

ಇನ್ನು ಕಾನೂನಿನ ಸ್ಥಿತಿ ನೋಡೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿತು. ಆದರೆ ಅಂಥ ಭಾಗವನ್ನು ಮಾರುವುದಕ್ಕೆ ಸಾಮಾನ್ಯ ನಿಷೇಧವಿಲ್ಲ. ಇರುವಂತೆಯೂ ಇಲ್ಲ, ಏಕೆಂದರೆ ರೇಸ್ ಪಥದಲ್ಲಿ ಓಡುವ ಕಾರಿಗೆ ಅದು ನ್ಯಾಯವಾಗಿಯೇ ಬೇಕು. ಪರಿಣಾಮವಾಗಿ ಅಂಗಡಿಯಲ್ಲಿ ಕಾನೂನುಬದ್ಧವಾದ ಎಕ್ಸಾಸ್ಟ್, ಸಾರ್ವಜನಿಕ ರಸ್ತೆಗೆ ಬಂದೊಡನೆ ಅಪರಾಧವಾಗುತ್ತದೆ. ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಕೆಳಗೆ ನುಜ್ಜುಗುಜ್ಜಾಗಿಸುವ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಅವು ಬಂದದ್ದೆಲ್ಲಿಂದ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಉಪಬಂಧವಿದೆ, ಅದು ಹೆಚ್ಚು ಚರ್ಚೆಗೆ ಬಂದಿಲ್ಲ. ಕೇಂದ್ರ ಸರಕಾರವು 'ಸುರಕ್ಷತೆಯ ದೃಷ್ಟಿಯಿಂದ ನಿರ್ಣಾಯಕ' ಎಂದು ಅಧಿಸೂಚಿಸಿದ ಬಿಡಿಭಾಗವು ಮಾನದಂಡಕ್ಕೆ ಅನುಗುಣವಾಗಿಲ್ಲದಿದ್ದರೆ, ಅದನ್ನು ಮಾರಿದವರಿಗಷ್ಟೇ ಅಲ್ಲ, ಮಾರಲು ಮುಂದಿಟ್ಟವರಿಗೂ ಮಾರಾಟಕ್ಕೆ ಎಡೆಮಾಡಿಕೊಟ್ಟವರಿಗೂ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ ವಿಧಿಸಬಹುದು. ಅಸ್ತ್ರ ಹರಿತವಾಗಿದೆ. ಆದರೆ ಅದನ್ನು ರೂಪಿಸಿದವರ ಕಣ್ಣಮುಂದೆ ಇದ್ದದ್ದು ಹೊಸ ಮಾಲಿನ ಅಂಗಡಿ. ಐದು ವರ್ಷ ಓಡಿ, ಎರಡು ಕೈ ಬದಲಾಯಿಸಿ, ಒಂದು ಅಪಘಾತ ಕಂಡ ಬ್ರೇಕ್ ಕ್ಯಾಲಿಪರ್ ಮಾನದಂಡಕ್ಕೆ ಅನುಗುಣವಾಗಿದೆಯೇ ಎಂದು ಹೇಳಬಲ್ಲವರು ಯಾರು?

ಕೊಂಡವನಿಗೆ ಸಿಗುವ ಪರಿಹಾರವೂ ಅಷ್ಟಕ್ಕಷ್ಟೇ. 1930ರ ಸರಕು ಮಾರಾಟ ಕಾಯ್ದೆಯ ಮೂಲ ತತ್ತ್ವ, ಕೊಳ್ಳುವವನೇ ಎಚ್ಚರವಾಗಿರಬೇಕು ಎಂಬುದು. ಅದಕ್ಕಿರುವ ವಿನಾಯಿತಿಗಳು ಬಹುಪಾಲು ಅನ್ವಯಿಸುವುದು ವೃತ್ತಿಯಾಗಿ ವ್ಯಾಪಾರ ಮಾಡುವವನಿಗೆ. 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳು, ನಿಯತವಾಗಿ ವ್ಯಾಪಾರ ಮಾಡದ ಖಾಸಗಿ ವ್ಯಕ್ತಿಯ ವ್ಯವಹಾರವನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ನಮ್ಮ ತರುಣ ಮಿತ್ರರಂಥವರಿಗೆ ಇದು ನ್ಯಾಯವೇ. ಆದರೆ ತಿಂಗಳಿಗೆ ನಲವತ್ತು ಟರ್ಬೊ ಮಾರುವ ದಲ್ಲಾಳಿಯೂ ಇದೇ ಕೊಡೆಯ ಕೆಳಗೆ ನಿಲ್ಲುತ್ತಾನೆ. ಆತ ವ್ಯಾಪಾರಿ ಎಂದು ಸಾಬೀತುಪಡಿಸುವ ಹೊರೆ, ಅವನ ವಿಳಾಸವೂ ಗೊತ್ತಿಲ್ಲದ ಗಿರಾಕಿಯ ಮೇಲೆ ಬೀಳುತ್ತದೆ. ಮಾಲು ಕದ್ದದ್ದಾಗಿದ್ದರಂತೂ ಗಿರಾಕಿಗೆ ಒಡೆತನವೇ ದಕ್ಕುವುದಿಲ್ಲ. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಕೊಂಡರೆ ಆತನೂ ಆರೋಪಿಯಾಗುತ್ತಾನೆ.

ಜಾಲತಾಣಗಳ ಹೊಣೆ ಏನು? ಇಲ್ಲಿ ಸ್ವಲ್ಪ ಇತಿಹಾಸ ನೆನೆಯಬೇಕು. 2004ರಲ್ಲಿ ಬಾಜೀ ಡಾಟ್ ಕಾಮ್ ಎಂಬ ಹರಾಜು ತಾಣದಲ್ಲಿ ಬಳಕೆದಾರನೊಬ್ಬ ಅಶ್ಲೀಲ ದೃಶ್ಯವನ್ನು ಮಾರಾಟಕ್ಕಿಟ್ಟಾಗ ತಾಣದ ಮುಖ್ಯಸ್ಥರನ್ನೇ ಬಂಧಿಸಲಾಯಿತು. ಅದರಿಂದೆದ್ದ ಚರ್ಚೆಯ ಬಳಿಕ 2008ರ ತಿದ್ದುಪಡಿಯು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಅಡಿ ಮಧ್ಯವರ್ತಿಗಳಿಗೆ ರಕ್ಷಣೆಯನ್ನು ವಿಸ್ತರಿಸಿತು. ಬೇರೆಯವರು ಹಾಕಿದ ಜಾಹೀರಾತಿಗೆ ತಾಣದವರನ್ನು ಜೈಲಿಗಟ್ಟುವುದು ಸರಿಯಲ್ಲ ಎಂಬುದು ಒಪ್ಪತಕ್ಕ ಮಾತೇ. ಆದರೆ ಜೈಲು ಮತ್ತು ಸಂಪೂರ್ಣ ನಿರ್ಲಿಪ್ತತೆ ಇವೆರಡರ ನಡುವೆ ದಾರಿಗಳಿವೆ. ಅಮೆರಿಕದಲ್ಲಿ 2023ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನೊಂದರ ಪ್ರಕಾರ, ಒಂದು ವರ್ಷದಲ್ಲಿ ಹೊಸ ಅಥವಾ ಬಳಸದ ಸರಕುಗಳ 200ಕ್ಕೂ ಹೆಚ್ಚು ಮಾರಾಟ ಹಾಗೂ 5,000 ಡಾಲರ್ ವಹಿವಾಟು ನಡೆಸುವವರ ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ಸಂಪರ್ಕ ವಿವರಗಳನ್ನು ತಾಣಗಳು ಪರಿಶೀಲಿಸಲೇಬೇಕು. ಅದು ಬಳಸಿದ ಮಾಲಿಗೆ ಅನ್ವಯಿಸದಿದ್ದರೂ ಅದರ ತತ್ತ್ವವನ್ನು ಎರವಲು ಪಡೆಯಬಹುದು: ಅಪರೂಪಕ್ಕೊಮ್ಮೆ ಮಾರುವವನನ್ನು ಬಿಟ್ಟು, ಖಾಸಗಿ ವ್ಯಕ್ತಿಯ ವೇಷದ ವ್ಯಾಪಾರಿಯನ್ನು ಬೇರ್ಪಡಿಸುವುದು.

ಎಲ್ಲ ಭಾಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಇನ್ನೊಂದು ಪಾಠ. ಜಪಾನಿನ ತಕಾಟಾ ಕಂಪನಿಯ ದೋಷಯುಕ್ತ ಏರ್‌ಬ್ಯಾಗ್‌ಗಳ ಪ್ರಕರಣ ನೆನಪಿರಬಹುದು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಕಂಪನಿ 2017ರಲ್ಲಿ ದಿವಾಳಿಯಾಯಿತು. ಇಂಥ ಹಿಂಪಡೆಯುವಿಕೆಯಲ್ಲಿ ದೋಷದ ಪತ್ತೆ ನಡೆಯುವುದು ಕಾರಿನ ಚಾಸಿ ಸಂಖ್ಯೆಯ ಮೂಲಕ. ಏರ್‌ಬ್ಯಾಗನ್ನು ಕಾರಿನಿಂದ ಬಿಚ್ಚಿ ಬೇರೆಯಾಗಿ ಮಾರಿದಾಗ ಆ ಸಂಖ್ಯೆಯ ಕೊಂಡಿ ಕಳಚಿಬೀಳುತ್ತದೆ. ಹೊಸ ಮಾಲೀಕ ತನ್ನ ಕಾರಿನ ಸಂಖ್ಯೆ ಹಾಕಿ ನೋಡಿದರೆ ಎಲ್ಲವೂ ಸುರಕ್ಷಿತವೆಂದೇ ಕಾಣುತ್ತದೆ. ಏರ್‌ಬ್ಯಾಗ್, ಸೀಟ್ ಬೆಲ್ಟ್, ಬ್ರೇಕ್, ಸ್ಟಿಯರಿಂಗ್, ಚಕ್ರ ಇವುಗಳ ಹುಳುಕಿಗೆ ತೆರುವ ಬೆಲೆ ಪ್ರಾಣ. ಸೀಟು, ದೀಪ, ಬಾಗಿಲು, ಡ್ಯಾಶ್‌ಬೋರ್ಡ್ ಇವುಗಳ ಹುಳುಕಿಗೆ ತೆರುವುದು ಹಣ ಮಾತ್ರ. ಮೊದಲನೆಯದರಲ್ಲಿ ನಷ್ಟ ಕೊಂಡವನಿಗಷ್ಟೇ ಸೀಮಿತವಲ್ಲ; ಎದುರಿನಿಂದ ಸ್ಕೂಟರ್ ಮೇಲೆ ಮಗುವನ್ನು ಕೂರಿಸಿಕೊಂಡು ಬರುತ್ತಿರುವವನು ಈ ವ್ಯವಹಾರದಲ್ಲಿ ಪಾಲುದಾರನೇ ಅಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ಸರಕಾರ ಮಧ್ಯ ಪ್ರವೇಶಿಸಲು ಇದಕ್ಕಿಂತ ಪ್ರಬಲ ಕಾರಣ ಬೇಕಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನಿಷೇಧವಂತೂ ಅಲ್ಲ. ನಿಷೇಧಿಸಿದರೆ ವ್ಯಾಪಾರ ನಿಲ್ಲುವುದಿಲ್ಲ, ಕತ್ತಲಿಗೆ ಸರಿಯುತ್ತದೆ. ಫ್ರಾನ್ಸ್ ತದ್ವಿರುದ್ಧ ಹಾದಿ ಹಿಡಿದಿದೆ. ಅಲ್ಲಿ 2017ರಿಂದ ಗ್ಯಾರೇಜಿನವರು ಹಲವು ಬಗೆಯ ದುರಸ್ತಿಗಳಿಗೆ ಬಳಸಿದ ಬಿಡಿಭಾಗದ ಆಯ್ಕೆಯನ್ನು ಗಿರಾಕಿಯ ಮುಂದಿಡಲೇಬೇಕು. ಬಳಸಿದ ಮಾಲು ಅನುಮಾನದ ವಸ್ತುವಾಗದೆ ಗೌರವದ ವಸ್ತುವಾಗಬೇಕಾದರೆ ಅದಕ್ಕೊಂದು ಜಾತಕ ಬೇಕು.

ನಮ್ಮಲ್ಲಿ ಅದಕ್ಕೆ ಬೇಕಾದ ಅಡಿಪಾಯ ಈಗಾಗಲೇ ಇದೆ. 2021ರ ನಿಯಮಗಳಡಿ ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನವನ್ನು ಒಪ್ಪಿಸಿದಾಗ ಠೇವಣಿ ಪ್ರಮಾಣಪತ್ರ ಸಿಗುತ್ತದೆ. 'ವಾಹನ್' ದತ್ತಾಂಶದಲ್ಲಿ ಅದರ ದಾಖಲೆ ಉಳಿಯುತ್ತದೆ. 2025ರ ಏಪ್ರಿಲ್‌ನಿಂದ ಹಳೆಯ ವಾಹನಗಳ ವಿಲೇವಾರಿಯ ಹೊಣೆಯಲ್ಲಿ ತಯಾರಕರನ್ನೂ ಪಾಲುದಾರರನ್ನಾಗಿಸುವ ನಿಯಮ ಬಂದಿದೆ. ಈ ದಾಖಲೆ ವಾಹನಕ್ಕೆ ಕೊನೆಯಾಗದೆ, ಅದರಿಂದ ಬಿಚ್ಚಿದ ಮುಖ್ಯ ಭಾಗಗಳಿಗೂ ಮುಂದುವರಿಯಬೇಕು. ಯಾವ ಚಾಸಿಯಿಂದ, ಯಾವ ವರ್ಷ, ಎಷ್ಟು ಕಿಲೋಮೀಟರ್ ಓಡಿದ ಮೇಲೆ, ಅಪಘಾತದಿಂದಲೋ ಅಲ್ಲವೋ ಎಂಬ ನಾಲ್ಕು ಸಂಗತಿಗಳ ಒಂದು ಚೀಟಿ ಸಾಕು. ಅಮೆರಿಕವು 1984ರ ಕಾನೂನಿನ ಮೂಲಕವೇ ಹೆಚ್ಚು ಕಳವಾಗುವ ಕಾರುಗಳ ಎಂಜಿನ್, ಗೇರ್‌ಬಾಕ್ಸ್, ಬಾಗಿಲು ಮೊದಲಾದವುಗಳ ಮೇಲೆ ಗುರುತಿನ ಸಂಖ್ಯೆ ಒತ್ತುವುದನ್ನು ಆರಂಭಿಸಿತು.

ಎರಡನೆಯದಾಗಿ, ಬಿಡಿಭಾಗಗಳನ್ನು ಸ್ಪಷ್ಟವಾಗಿ ಮೂರು ಪಟ್ಟಿಗಳಾಗಿ ವಿಂಗಡಿಸಬೇಕು: ಬಳಸಿದ್ದನ್ನು ಮಾರಲೇಬಾರದವು, ತಪಾಸಣೆಯ ನಂತರ ಮಾರಬಹುದಾದವು, ಮುಕ್ತವಾಗಿ ಮಾರಬಹುದಾದವು. ರೇಸ್ ಪಥಕ್ಕೆ ಮಾತ್ರ ಮೀಸಲಾದ ಭಾಗಕ್ಕೆ ಆ ಮಾತನ್ನು ಜಾಹೀರಾತಿನಲ್ಲೇ ಹೇಳುವುದು ಕಡ್ಡಾಯವಾಗಬೇಕು. ಮೂರನೆಯದಾಗಿ, ತಪಾಸಣೆಯ ಅಧಿಕಾರವನ್ನು ಸಾರಿಗೆ ಕಚೇರಿಯ ಕಿಟಕಿಗೆ ಒಪ್ಪಿಸಬಾರದು. ಸರಕಾರಿ ನೌಕರನಾಗಿದ್ದವನೇ ಈ ಮಾತು ಹೇಳುತ್ತಿರುವುದು ವಿಚಿತ್ರವೆನಿಸಬಹುದು. ಆದರೆ ಇನ್ನೊಂದು ಮುದ್ರೆ, ಇನ್ನೊಂದು ಸರತಿ ಸಾಲು, ಇನ್ನೊಬ್ಬ ಏಜೆಂಟ್ ಸೃಷ್ಟಿಯಾಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಶಿವಾಜಿನಗರದ ಮೆಕ್ಯಾನಿಕ್‌ಗಳ ಬೆರಳಿನಲ್ಲಿ ದಶಕಗಳ ಜ್ಞಾನವಿದೆ. ಅಂಥವರಿಗೆ ಅಲ್ಪಾವಧಿಯ ತರಬೇತಿ ಮತ್ತು ಪರವಾನಗಿ ನೀಡಿ, ಅವರ ಸಹಿಯುಳ್ಳ ತಪಾಸಣಾ ಚೀಟಿಗೆ ಮಾನ್ಯತೆ ಕೊಟ್ಟರೆ ಅಂತರ್ಜಾಲವು ಕಸಿದುಕೊಂಡ ಕೆಲಸ ಅವರಿಗೆ ಮರಳಿ ಸಿಗುತ್ತದೆ. ಇದನ್ನು ಮಾಡದೆ ಬರಿಯ ದಂಡದ ಮೊತ್ತ ಏರಿಸುತ್ತಾ ಹೋದರೆ ಅದು ಸಂತೆಗೆ ಮೂರು ಮೊಳ ನೇಯ್ದಂತೆ.

ಇದರಿಂದ ಬೆಲೆ ಸ್ವಲ್ಪ ಏರಬಹುದು ಎಂಬ ಆಕ್ಷೇಪ ಬರುತ್ತದೆ. ಏರಲಿ. 2025ರ ಸೆಪ್ಟೆಂಬರ್‌ನಲ್ಲಿ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು ಶೇಕಡ 18ಕ್ಕೆ ಏಕರೂಪಗೊಳಿಸಲಾಗಿದೆ. ಹೊಸ ಮಾಲು ಅಷ್ಟರಮಟ್ಟಿಗೆ ಅಗ್ಗವಾಗಲು ದಾರಿಯಾಗಿದೆ. ಬಳಸಿದ ಮಾಲು ಇನ್ನು ಮುಂದೆ ಅಗ್ಗವೆಂಬ ಒಂದೇ ಗುಣದಿಂದ ಉಳಿಯಲಾರದು. ಅದು ನಂಬಿಕೆಗೆ ಅರ್ಹವೆಂದೂ ತೋರಿಸಿಕೊಳ್ಳಬೇಕಾಗುತ್ತದೆ. ಅಂದು ಹುಳುಕನ್ನು ಬರೆದು ಹೇಳಿದವನಿಗೆ ನಷ್ಟವಾಗುವ ಬದಲು, ಬರೆಯದೆ ಬಿಟ್ಟವನಿಗೆ ಗಿರಾಕಿ ಸಿಗದಂತಾಗುತ್ತದೆ.

ನಮ್ಮ ತರುಣ ಮಿತ್ರರು ಹೊರಡುವ ಮುನ್ನಾದಿನ ಚಕ್ರಗಳ ಗತಿ ಏನಾಯಿತೆಂದು ಕೇಳಿದೆ. ಸರಿಯಿದ್ದ ಮೂರನ್ನು ಒಬ್ಬರಿಗೆ ಬಂದ ಬೆಲೆಗೆ ಕೊಟ್ಟರಂತೆ. ಬಿರುಕಿನ ಚಕ್ರವನ್ನು ದಲ್ಲಾಳಿಗೆ ಕೊಡಲು ಮನಸ್ಸಾಗದೆ, ಗುಜರಿ ಅಂಗಡಿಗೆ ಒಯ್ದು, ತಮ್ಮ ಕಣ್ಣೆದುರೇ ಎರಡು ತುಂಡು ಮಾಡಿಸಿ, ಅಲ್ಯೂಮಿನಿಯಂನ ತೂಕಕ್ಕೆ ಮಾರಿ ಬಂದರಂತೆ. ಕತ್ತರಿಸಿದವನಿಗೆ ಅವರೇ ಕೂಲಿ ಕೊಡಬೇಕಾಯಿತಂತೆ. ಇಂಥ ಪ್ರಾಮಾಣಿಕತೆಯ ಖರ್ಚನ್ನು ಒಬ್ಬ ನಾಗರಿಕ ಎಷ್ಟು ಸಲ ತನ್ನ ಕಿಸೆಯಿಂದಲೇ ಭರಿಸಿಯಾನು? ಆ ಹೊರೆಯನ್ನು ಹಂಚಿಕೊಳ್ಳುವುದಕ್ಕೆಂದೇ ಕಾನೂನು ಮತ್ತು ಮಾರುಕಟ್ಟೆ ಇರಬೇಕಾದದ್ದು.